ಬಡ್ಡಿ 1,59,697, ಅಸಲು 33,251

ಹೆಂಡತಿಯ ಶಾಲೆಯಲ್ಲಿ ಆದಾಯ ತೆರಿಗೆಯ ಲೆಕ್ಕ ಕೇಳಿದ್ದರಿಂದ ಇದೆಲ್ಲ ಶುರುವಾಯಿತು. 2024ರ ಜನವರಿ. ಅವಳು ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ಮನೆ ಸಾಲಕ್ಕೆ ಈ ವರ್ಷ ಎಷ್ಟು ಬಡ್ಡಿ ಕಟ್ಟಿದ್ದೀರಿ ಎನ್ನುವ ಸರ್ಟಿಫಿಕೇಟ್ ಬ್ಯಾಂಕಿನಿಂದ ತಂದರೆ ತೆರಿಗೆಯಲ್ಲಿ ಸ್ವಲ್ಪ ಉಳಿಯುತ್ತದೆ. ಹಳೆ ಪದ್ಧತಿಯಲ್ಲಿ 2 ಲಕ್ಷದವರೆಗಿನ ಬಡ್ಡಿಗೆ ವಿನಾಯಿತಿ ಉಂಟು. ಹಿಂದಿನ ವರ್ಷ ಅವಳೇ ತಂದು ಕೊಟ್ಟಿದ್ದಳು. ನಾನು ನೋಡಿಯೂ ಇರಲಿಲ್ಲ. ಈ ಸಲ ಅಂಗಡಿಯ ಕಂಪ್ಯೂಟರಿನಲ್ಲಿ ನಾನೇ ಪ್ರಿಂಟ್ ತೆಗೆದೆ.

ಕಾಗದದಲ್ಲಿ ಎರಡೇ ಅಂಕಿ ಇದ್ದವು. ಬಡ್ಡಿ 1,59,697. ಅಸಲು 33,251.

ನಾನು ಕುಂಬಳೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಹತ್ತೊಂಬತ್ತು ವರ್ಷದಿಂದ ಊರವರ ಸಿಮೆಂಟು, ಕಬ್ಬಿಣ, ಪೈಪಿನ ಬಾಕಿಯನ್ನೆಲ್ಲ ಪೈಸೆ ಬಿಡದೆ ಬರೆದಿದ್ದೇನೆ. ಯಾರು ಯಾವ ತಿಂಗಳು ಎಷ್ಟು ಕೊಟ್ಟರು ಅಂತ ಬಾಯಿಪಾಠ ಹೇಳಬಲ್ಲೆ. ನನ್ನ ಮನೆಯ ಸಾಲದ ಲೆಕ್ಕ ಮಾತ್ರ ಎರಡು ವರ್ಷ ನೋಡಲಿಲ್ಲ. ಯಾಕೆ ಅಂದರೆ ಕಂತು ಬದಲಾಗಿರಲಿಲ್ಲ. ಪ್ರತಿ ತಿಂಗಳು ಐದನೇ ತಾರೀಕು 16,079 ರೂಪಾಯಿ ಹೆಂಡತಿಯ ಖಾತೆಯಿಂದ ಹೋಗುತ್ತಿತ್ತು. ಹೋಗುವುದು ಅಷ್ಟೇ ಆಗಿರುವಾಗ ಚಿಂತೆ ಎಂತ ಮಾಡುವುದು?

ಸಾಲ ತೆಗೆದದ್ದು 2021ರ ಸೆಪ್ಟೆಂಬರಿನಲ್ಲಿ. 18 ಲಕ್ಷ, 15 ವರ್ಷ, ಬಡ್ಡಿ ಶೇಕಡಾ 6.90. ಹಳೆ ಹಂಚಿನ ಮನೆ ಮಳೆಗಾಲದಲ್ಲಿ ಸೋರುತ್ತಿತ್ತು. ಅದನ್ನು ಇಳಿಸಿ ಮುರಕಲ್ಲಿನಲ್ಲಿ ಹೊಸದು ಕಟ್ಟಿದೆವು. ಅಷ್ಟು ಕಡಿಮೆ ಬಡ್ಡಿಗೆ ಮನೆ ಸಾಲ ಸಿಕ್ಕಿದ್ದನ್ನು ನಾನು ಆ ಮೊದಲು ಕಂಡಿರಲಿಲ್ಲ. ಸಿಕ್ಕಿದವರೆಲ್ಲ "ಈಗಲೇ ತೆಗೆದುಬಿಡು ಮಾರಾಯ" ಅಂದರು. ತೆಗೆದೆ. 2036ರ ಸೆಪ್ಟೆಂಬರಿಗೆ ಮುಗಿಯುತ್ತದೆ, ಆಗ ನನಗೆ 58. ಅಡುಗೆಮನೆಯ ಕಪಾಟಿನ ಬಾಗಿಲ ಒಳಗೆ ಬಡಗಿಯ ಪೆನ್ಸಿಲ್ ಬಿದ್ದಿತ್ತು. ಅದರಲ್ಲೇ ಅಲ್ಲೇ ಬರೆದಿಟ್ಟಿದ್ದೆ, '9/2036' ಅಂತ.

ಆ ಸರ್ಟಿಫಿಕೇಟ್ ಹಿಡಿದುಕೊಂಡು ಸ್ಟೇಟ್‌ಮೆಂಟ್ ತೆಗೆದೆ. ಮೊದಲ ಕಂತು, 2021ರ ಅಕ್ಟೋಬರ್: ಬಡ್ಡಿಗೆ 10,350, ಅಸಲಿಗೆ 5,729. ಸರಿ. ಕೆಳಗೆ ಬಂದ ಹಾಗೆ ಬಡ್ಡಿ ಇಳಿಯಬೇಕು, ಅಸಲು ಏರಬೇಕು. ಸಾಲದ ನಿಯಮವೇ ಅದು. ಒಂಬತ್ತು ತಿಂಗಳು ಹಾಗೇ ಬಂತು. 2022ರ ಜುಲೈಯಿಂದ ತಿರುಗಿತು. 2023ರ ಏಪ್ರಿಲಿನ ಸಾಲಿಗೆ ಬರುವಾಗ ಬಡ್ಡಿ 13,425, ಅಸಲು 2,654. ಕಂತು ಅದೇ 16,079. ಒಳಗಿನ ಪಾಲು ಮಾತ್ರ ಬೇರೆ.

ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇತ್ತು. ಉಳಿದ ಕಂತು: 221. ನನ್ನ ಲೆಕ್ಕದಲ್ಲಿ 152 ಇರಬೇಕಿತ್ತು. ಅರುವತ್ತೊಂಬತ್ತು ಕಂತು ಜಾಸ್ತಿ. ಐದು ವರ್ಷ ಒಂಬತ್ತು ತಿಂಗಳು. ಸಾಲ ಮುಗಿಯುವುದು 2042ರ ಜೂನಿಗೆ, ಆಗ ನನಗೆ 64. ಅಂಗಡಿಯಲ್ಲಿ ಕ್ಯಾಲ್ಕ್ಯುಲೇಟರ್ ಒತ್ತಿ ನೋಡಿದೆ. 69 ಸಲ 16,079 ಅಂದರೆ 11 ಲಕ್ಷ ದಾಟುತ್ತದೆ. ಧಣಿ ಕೇಳಿದರು, "ಎಂತ ಆಯ್ತು, ಯಾರ ಬಾಕಿ ಮುಳುಗಿತು?" ನಂದೇ ಅಂದೆ.

ಆ ದಿನ ಸಂಜೆ ಮಂಗಳೂರಿನಲ್ಲಿರುವ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿದೆ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದವನು. ಅಣ್ಣ ನಕ್ಕ. "ಮೆಸೇಜ್ ಬಂದಿರ್ತದಲ್ಲ, ಓದ್ಲಿಲ್ವಾ ನೀನು?" ಹುಡುಕಿದೆ. ಬಂದಿತ್ತು, ನಾಲ್ಕು ಸಲ. ಇಂಗ್ಲಿಷಿನಲ್ಲಿ, ಲಾಟರಿ ಮೆಸೇಜು, ರೀಚಾರ್ಜ್ ಮೆಸೇಜುಗಳ ನಡುವೆ. ನಿಮ್ಮ ಸಾಲದ ದರ ಇಂತಿಷ್ಟಕ್ಕೆ ಪರಿಷ್ಕರಣೆಯಾಗಿದೆ, ಅಷ್ಟೇ. ಅವಧಿಯ ಸುದ್ದಿ ಅದರಲ್ಲಿ ಇಲ್ಲ.

ಅಣ್ಣ ಒಂದು ಗಂಟೆ ಕೂತು ಬಿಡಿಸಿ ಹೇಳಿದ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ದರದ, ಅಂದರೆ ಬಡ್ಡಿ ಏರಿಳಿಯುವ, ಮನೆ ಸಾಲವನ್ನು ಹೊರಗಿನ ಒಂದು ದರಕ್ಕೆ ಕಟ್ಟಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಹೆಚ್ಚಿನವರು ರೆಪೋ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕೆ, ಕಟ್ಟಿದ್ದಾರೆ. ಮೂರು ತಿಂಗಳಿಗೆ ಒಮ್ಮೆಯಾದರೂ ಅದನ್ನು ಸರಿಹೊಂದಿಸಬೇಕು. ನಾನು ಸಾಲ ತೆಗೆಯುವಾಗ ರೆಪೋ 4 ಇತ್ತು. ಅದರ ಮೇಲೆ ಬ್ಯಾಂಕು ತನ್ನ 2.90 ಸೇರಿಸಿ 6.90 ಮಾಡಿತ್ತು. 2022ರ ಮೇ 4ರಂದು ರಿಸರ್ವ್ ಬ್ಯಾಂಕ್ ಇದ್ದಕ್ಕಿದ್ದ ಹಾಗೆ ರೆಪೋವನ್ನು 4.40ಕ್ಕೆ ಏರಿಸಿತು. ಜೂನಿನಲ್ಲಿ 4.90, ಆಗಸ್ಟಿನಲ್ಲಿ 5.40, ಸೆಪ್ಟೆಂಬರ್ ಕೊನೆಗೆ 5.90, ಡಿಸೆಂಬರಿನಲ್ಲಿ 6.25, 2023ರ ಫೆಬ್ರವರಿಯಲ್ಲಿ 6.50. ಬೆಲೆಯೇರಿಕೆ ತಡೆಯಲು ಬಡ್ಡಿ ಏರಿಸಬೇಕಂತೆ. ಗ್ಯಾಸ್ ಸಿಲಿಂಡರ್ 1,100 ದಾಟಿದ್ದೂ ಆ ಸುಮಾರಿಗೇ. ಬೆಲೆಯೂ ಏರಿತು, ಅದನ್ನು ಇಳಿಸುವ ಮದ್ದಿನ ಖರ್ಚೂ ನಮ್ಮ ತಲೆಗೇ ಬಂತು. ಹತ್ತು ತಿಂಗಳಲ್ಲಿ ಎರಡೂವರೆ ಏರಿತು. ನನ್ನದು 9.40 ಆಯಿತು.

"ಕಂತು ಏರಿಸಿದರೆ ಜನ ಬೊಬ್ಬೆ ಹೊಡೀತಾರೆ. ವರ್ಷ ಏರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ನಿನ್ನ ಸಾಲಪತ್ರದಲ್ಲೇ ಬರೆದಿರ್ತದೆ ನೋಡು," ಅಂದ. ನೋಡಿದೆ. ಬರೆದಿತ್ತು. ಹದಿನೇಳನೇ ಪುಟ, ನನ್ನದೇ ಸಹಿ.

ನನ್ನ ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆಯುತ್ತಿದ್ದರು. ಚಾಲಿ ಅಡಿಕೆ ಕೊಟ್ಟ ಮೇಲೆ ತೀರಿಸುತ್ತಿದ್ದರು. ಅವರದ್ದೊಂದು ಉದ್ದದ ಪುಸ್ತಕ ಈಗಲೂ ಅಟ್ಟದಲ್ಲಿ ಉಂಟು. ಪ್ರತಿ ಪುಟದಲ್ಲೂ ಗೆರೆ ಎಳೆದು ಎರಡು ಕಾಲಂ, ಅಸಲು ಒಂದು, ಬಡ್ಡಿ ಒಂದು. ಅವರು ಓದಿದ್ದು ಐದನೇ ಕ್ಲಾಸ್. ನಾನು ಬಿ.ಕಾಂ. ಇರಲಿ.

ಅಣ್ಣ ಹೇಳಿದ ಮುಖ್ಯ ವಿಷಯ ಬೇರೆ. 2023ರ ಆಗಸ್ಟ್ 18ಕ್ಕೆ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿದೆ. ದರ ಏರಿದಾಗ ಕಂತು ಏರಿಸಬೇಕಾ, ಅವಧಿ ಉದ್ದ ಮಾಡಬೇಕಾ, ಎರಡೂ ಸ್ವಲ್ಪ ಸ್ವಲ್ಪ ಮಾಡಬೇಕಾ ಅಂತ ಸಾಲಗಾರನಿಗೇ ಆಯ್ಕೆ ಕೊಡಬೇಕು. ಬೇಕಾದರೆ ಒಂದಷ್ಟು ಹಣ ಮೊದಲೇ ಕಟ್ಟಲು ಬಿಡಬೇಕು. ಪ್ರತಿ ಮೂರು ತಿಂಗಳಿಗೆ ಎಷ್ಟು ಅಸಲು, ಎಷ್ಟು ಬಡ್ಡಿ ಹೋಯಿತು, ಎಷ್ಟು ಕಂತು ಉಳಿಯಿತು ಎಂದು ತಿಳಿಸಬೇಕು. ಹಳೆ ಸಾಲಗಳಿಗೂ 2023ರ ಡಿಸೆಂಬರ್ 31ರ ಒಳಗೆ ಇದು ಜಾರಿಯಾಗಬೇಕಿತ್ತು. "ಸುಮ್ನೆ ಬಾಯಲ್ಲಿ ಕೇಳಬೇಡ. ಬರೆದು ಕೊಡು, ಪ್ರತಿಯಲ್ಲಿ ಸೀಲ್ ಹಾಕಿಸಿಕೋ," ಅಂದ.

ಮೊದಲ ದಿನ ಬ್ಯಾಂಕಿಗೆ ಬರಿಗೈಯಲ್ಲೇ ಹೋದೆ. ಬುದ್ಧಿ ಹೇಳಿದರೂ ಕೇಳದವನು ನಾನು. ಮ್ಯಾನೇಜರ್ ಹೊಸಬರು, ಕಣ್ಣೂರು ಕಡೆಯವರು. ಒಳ್ಳೆಯ ಮನುಷ್ಯ, ಕೂರಿಸಿ ಮಾತಾಡಿಸಿದರು. ನಾನು ಗಡಿನಾಡಿನವನ ಮಲಯಾಳದಲ್ಲಿ ಕಷ್ಟ ಹೇಳಿಕೊಂಡೆ. ಅವರು ಸ್ಕ್ರೀನ್ ನೋಡಿ, "ಇಎಂಐ ಕೂಡಿಯಿಲ್ಲಲ್ಲೋ, ಪಿನ್ನೆಂದಾ ಪ್ರಶ್ನಂ?" ಅಂದರು. ಕಂತು ಏರಲಿಲ್ಲವಲ್ಲ, ಮತ್ತೆಂತ ಸಮಸ್ಯೆ? ನಿಜವಾಗಿ ಅವರಿಗೆ ಸಮಸ್ಯೆ ಕಾಣಲಿಲ್ಲ. ಒಂದು ತಿಂಗಳ ಹಿಂದೆ ಕೇಳಿದ್ದರೆ ನನಗೂ ಕಾಣುತ್ತಿರಲಿಲ್ಲ. ಆಯ್ಕೆಯ ವಿಷಯ ಕೇಳಿದರೆ ಅದು ಮೇಲಿನ ಕಚೇರಿಯಿಂದ ಬರಬೇಕು, ಇನ್ನೂ ಬಂದಿಲ್ಲ ಅಂದರು. ಸ್ವಲ್ಪ ಹಣ ಕಟ್ಟುತ್ತೇನೆ ಅಂದರೆ ಪಕ್ಕದ ಮೇಜಿನವರು "ಅದಕ್ಕೆ ಚಾರ್ಜ್ ಉಂಟು" ಅಂದರು. ಅದು ತಪ್ಪು. ಫ್ಲೋಟಿಂಗ್ ದರದ ಮನೆ ಸಾಲವನ್ನು ಮೊದಲೇ ಕಟ್ಟಿದರೆ ಬ್ಯಾಂಕುಗಳು ದಂಡ ಹಾಕಬಾರದು ಅಂತ 2012ರಲ್ಲೇ ಆದೇಶ ಆಗಿದೆ. ಆ ದಿನ ನನಗೆ ಅದು ಗೊತ್ತಿರಲಿಲ್ಲ. ಎದ್ದು ಬಂದೆ.

ಎರಡನೇ ಸಲ ಪತ್ರ ತೆಗೆದುಕೊಂಡು ಹೋದೆ. ಇಂಗ್ಲಿಷಿನಲ್ಲಿ ಬರೆಯಲು ಮಗಳು ಸಹಾಯ ಮಾಡಿದಳು. ಪತ್ರದಲ್ಲಿ ಮೂರು ವಿಷಯ. ಸಾಲ ಮೊದಲಿನ ಹಾಗೆ 2036ರ ಸೆಪ್ಟೆಂಬರಿಗೇ ಮುಗಿಯಬೇಕು, ಅದಕ್ಕೆ ಬೇಕಾದಷ್ಟು ಕಂತು ಏರಿಸಿ. ಒಂದು ಲಕ್ಷ ಕಟ್ಟುತ್ತೇನೆ, ಪೂರ್ತಿ ಅಸಲಿಗೆ ಹಾಕಿ. ಹೊಸ ಗಿರಾಕಿಗಳಿಗೆ ರೆಪೋ ಮೇಲೆ ಎಷ್ಟು ಸೇರಿಸುತ್ತೀರೋ ನನಗೂ ಅಷ್ಟೇ ಸೇರಿಸಿ.

ಮೂರನೆಯದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಅಂಗಡಿಗೆ ಟೈಲ್ಸ್ ನೋಡಲು ಬಂದ ಒಬ್ಬ ಹುಡುಗ ಅದೇ ಬ್ಯಾಂಕಿನಲ್ಲಿ ಆಗಷ್ಟೇ ಮನೆ ಸಾಲ ತೆಗೆದಿದ್ದ. ಅವನ ದರ 8.60. ನನ್ನದು 9.40. ರೆಪೋ ಇಬ್ಬರಿಗೂ 6.50ಯೇ. ಹಾಗಾದರೆ ವ್ಯತ್ಯಾಸ ಇರುವುದು ಬ್ಯಾಂಕು ಸೇರಿಸುವ ಪಾಲಿನಲ್ಲಿ. ರೆಪೋ ಏರಿಳಿದರೆ ನಮ್ಮ ದರ ತನ್ನಷ್ಟಕ್ಕೆ ಏರಿಳಿಯುತ್ತದೆ. ಈ ಪಾಲು ಮಾತ್ರ ನಾವು ಕೇಳದೆ ಇಳಿಯುವುದಿಲ್ಲ. ಹೊಸಬರಿಗೆ ಕಡಿಮೆ, ಹಳಬರಿಗೆ ಜಾಸ್ತಿ. ನಮ್ಮ ಅಂಗಡಿಯಲ್ಲಿ ಹಳೆ ಗಿರಾಕಿಗೆ ಹೀಗೆ ಮಾಡಿದ್ದರೆ ಅವ ಮರುದಿನ ಸೀತಾಂಗೋಳಿಯಲ್ಲಿ ಸಿಮೆಂಟ್ ತೆಗೆಯುತ್ತಿದ್ದ. ಪತ್ರದ ಕೊನೆಗೆ, ಆಗದಿದ್ದರೆ ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗ ಮಾಡುತ್ತೇನೆ, ಸ್ಟೇಟ್‌ಮೆಂಟ್ ಮತ್ತು ದಾಖಲೆಗಳ ಪಟ್ಟಿ ಕೊಡಿ ಅಂತ ಸೇರಿಸಿದೆ. ನಿಜವಾಗಿ ವರ್ಗ ಮಾಡುವ ಧೈರ್ಯ ಇರಲಿಲ್ಲ. ಮತ್ತೆ ವಕೀಲರ ಖರ್ಚು, ಜಾಗದ ಆಧಾರ ಪತ್ರದ ಓಡಾಟ ಯಾರಿಗೆ ಬೇಕು? ಆದರೆ ಬ್ಯಾಂಕಿಗೆ ಅದು ಗೊತ್ತಿಲ್ಲವಲ್ಲ.

ಹತ್ತು ದಿನದಲ್ಲಿ ಫೋನ್ ಬಂತು. ಕೇಳಿದ 8.60 ಕೊಡಲಿಲ್ಲ, 8.90 ಕೊಟ್ಟರು. ಅದಕ್ಕೆ ಜಿಎಸ್‌ಟಿ ಸೇರಿ 5,900 ಶುಲ್ಕ. ಮೊದಲು ಸಿಟ್ಟು ಬಂತು. ಆಮೇಲೆ ಲೆಕ್ಕ ಹಾಕಿದೆ. ಹದಿನಾರು ಹದಿನೇಳು ಲಕ್ಷಕ್ಕೆ ಅರ್ಧ ಪರ್ಸೆಂಟ್ ಅಂದರೆ ವರ್ಷಕ್ಕೆ ಎಂಟು ಸಾವಿರದ ಹತ್ತಿರ. ಮೊದಲ ವರ್ಷದಲ್ಲೇ ಶುಲ್ಕ ಹುಟ್ಟುತ್ತದೆ. ಒಪ್ಪಿದೆ.

ಒಂದು ಲಕ್ಷದ ವಿಷಯಕ್ಕೆ ಮನೆಯಲ್ಲಿ ಜಗಳವಾಯಿತು. ಅದು ಹೆಂಡತಿಯ ಚಿಟ್ಟಿಯ ಹಣ. ನಾಲ್ಕು ವರ್ಷ ತಿಂಗಳು ತಿಂಗಳು ಕಟ್ಟಿದ್ದು. ಮಾಡಿನ ಮೇಲೆ ಸೋಲಾರ್ ಹಾಕಿಸಬೇಕು ಅಂತ ಅವಳ ಆಸೆ. ಸರಿಯಾಗಿ ಅದೇ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂತು. 3 ಕಿಲೋವಾಟ್ ಹಾಕಿಸಿದರೆ 78,000 ಸಬ್ಸಿಡಿ ಅಂತ ಟಿವಿಯಲ್ಲಿ ಬಂದೇ ಬಂತು. "ಕರೆಂಟ್ ಬಿಲ್ ನೋಡಿದ್ದೀರಾ ನೀವು? ಬರೀ ಬ್ಯಾಂಕು ಬ್ಯಾಂಕು ಅಂತೀರಿ," ಅಂದಳು. ನಾನು ನನ್ನ ಲೆಕ್ಕ ಹೇಳಿದೆ. ಅವಳು ಮಾತಾಡಲಿಲ್ಲ. ಮರುದಿನ ಚೆಕ್ ಬರೆದುಕೊಟ್ಟಳು. ಸೋಲಾರ್ ಇನ್ನೂ ಹಾಕಿಸಿಲ್ಲ, ಆ ಮಾತು ಈಗಲೂ ತಿಂಗಳಿಗೊಮ್ಮೆ ಬರುತ್ತದೆ.

ಹಣ ಕಟ್ಟುವ ದಿನ ಕೊಟ್ಟ ಫಾರ್ಮಿನಲ್ಲಿ ಎರಡು ಚೌಕ ಇತ್ತು. ಕಂತು ಇಳಿಸಬೇಕಾ, ಅವಧಿ ಇಳಿಸಬೇಕಾ? ಮೇಜಿನವರು ಆಗಲೇ ಪೆನ್ ಹಿಡಿದು ಮೊದಲನೆಯದಕ್ಕೆ ಗುರುತು ಹಾಕಲು ಹೊರಟಿದ್ದರು. ಎಲ್ಲರೂ ಅದನ್ನೇ ಕೇಳುವುದಂತೆ. ತಡೆದೆ. ಒಂದು ಲಕ್ಷ ಕಳೆದು ಉಳಿದದ್ದು 15,86,403. 8.90ರಂತೆ 152 ತಿಂಗಳಲ್ಲಿ ತೀರಬೇಕಾದರೆ ಕಂತು 17,437. ಚಿಲ್ಲರೆ ಯಾಕೆ ಅಂತ 17,500 ಮಾಡಿಸಿದೆ. ದರವೂ ಇಳಿಯದೆ, ಲಕ್ಷವೂ ಕಟ್ಟದೆ ಇದ್ದಿದ್ದರೆ ಅದೇ 2036ಕ್ಕೆ ಮುಗಿಸಲು 19,000 ದಾಟುತ್ತಿತ್ತು.

ಇನ್ನು ಉಳಿದದ್ದು ತಿಂಗಳಿಗೆ ಹೆಚ್ಚಾದ 1,421 ರೂಪಾಯಿ ಎಲ್ಲಿಂದ ತರುವುದು ಅಂತ. ಹೇಳಲು ಸಣ್ಣ ಮೊತ್ತ. ಆದರೆ ನಮ್ಮಲ್ಲಿ ಅವಳ ಸಂಬಳ ಸಾಲಕ್ಕೆ ಮತ್ತು ಮಗಳ ಕಾಲೇಜಿಗೆ, ನನ್ನದು ಮನೆಗೆ. ತೋಟ ಅಂತ ಇರುವುದು ಒಂದೆಕರೆ, ಅದರಲ್ಲಿ ಕೊಳೆರೋಗ ಬಿಟ್ಟು ಉಳಿದದ್ದು ನಮಗೆ. ಮೈಲುತುತ್ತಿಗೆ, ಮದ್ದು ಬಿಡುವವರಿಗೆ ಕೊಟ್ಟ ಮೇಲೆ ಕೈಯಲ್ಲಿ ನಿಲ್ಲುವುದು ಎಷ್ಟು ಅಂತ ಅಡಿಕೆ ಇರುವವರಿಗೆ ಹೇಳಬೇಕಾಗಿಲ್ಲ.

ಹೆಂಡತಿ ಹೇಳಿದ ಹಾಗೆ ಕರೆಂಟ್ ಬಿಲ್ ನೋಡಿದೆ. ನಮ್ಮಲ್ಲಿ ಎರಡು ತಿಂಗಳಿಗೊಮ್ಮೆ ಬರುವುದು. 530 ಯೂನಿಟ್. ಕಾಸರಗೋಡಿನವರಿಗೆ, ಅಂದರೆ ಕೇರಳದ ಎಲ್ಲರಿಗೂ, ಒಂದು ಮೆಟ್ಟಿಲು ಉಂಟು. ತಿಂಗಳಿಗೆ 250, ಎರಡು ತಿಂಗಳ ಬಿಲ್ಲಿಗೆ 500 ಯೂನಿಟ್. ಅದರ ಒಳಗೆ ಇದ್ದರೆ ಹಂತ ಹಂತದ ದರ. ಮೊದಲ ಯೂನಿಟ್‌ಗಳಿಗೆ ಕಡಿಮೆ, ಮೇಲೆ ಹೋದ ಹಾಗೆ ಜಾಸ್ತಿ. 500 ದಾಟಿದರೆ ಆ ಹಂತಗಳೇ ಇಲ್ಲ, ಒಂದನೇ ಯೂನಿಟ್‌ನಿಂದ ಎಲ್ಲಕ್ಕೂ ಒಂದೇ ದೊಡ್ಡ ದರ. 2023ರ ನವೆಂಬರಿನ ದರದಲ್ಲಿ ನಮ್ಮ 530ಕ್ಕೆ ಯೂನಿಟ್‌ಗೆ 6.40ರಂತೆ 3,392. ಫಿಕ್ಸೆಡ್ ಚಾರ್ಜು, ತೆರಿಗೆ ಬೇರೆ. ಅದೇ 470 ಆಗಿದ್ದರೆ 2,509. ಅರುವತ್ತು ಯೂನಿಟ್‌ಗೆ 883 ರೂಪಾಯಿ! ಮೂರು ಸಲ ಕೂಡಿಸಿ ನೋಡಿದೆ.

ಆ ಅರುವತ್ತು ಯೂನಿಟ್ ಎಲ್ಲಿ ಅಂತ ಹುಡುಕುವುದು ಕಷ್ಟವಾಗಲಿಲ್ಲ. ಗೀಸರ್. 2,000 ವಾಟಿನದ್ದು, ದಿನಕ್ಕೆ ಅರ್ಧ ಗಂಟೆ ಉರಿದರೆ ಒಂದು ಯೂನಿಟ್, ಎರಡು ತಿಂಗಳಿಗೆ ಅರುವತ್ತು. ಹೊಸ ಮನೆಗೆ ಬಚ್ಚಲು ಒಲೆ ಬೇಡ, ಹೊಗೆ ಹಿಡಿದು ಗೋಡೆ ಹಾಳಾಗುತ್ತದೆ ಅಂತ ನಾನೇ ಹಟ ಮಾಡಿದ್ದೆ. ಅಮ್ಮ ಆಗಲೇ ಹೇಳಿದ್ದರು, ಸೋಗೆ, ಕೊತ್ತಳಿಗೆ ತೋಟದಲ್ಲಿ ಬಿದ್ದು ಕೊಳೆಯುವಾಗ ಕರೆಂಟಿನಲ್ಲಿ ನೀರು ಕಾಯಿಸುವುದಾ ಅಂತ. ಈಗ ಮನೆಯ ಹಿಂದೆ, ಗೋಡೆಗೆ ತಾಗದ ಹಾಗೆ, ಮಿಕ್ಕ ಮುರಕಲ್ಲಿನಲ್ಲಿ ಒಂದು ಒಲೆ ಕಟ್ಟಿಸಿದೆ. ಹಳೆ ತಾಮ್ರದ ಹಂಡೆ ಅಟ್ಟದಿಂದ ಇಳಿಯಿತು. ಅಮ್ಮ ಏನೂ ಹೇಳಲಿಲ್ಲ. ಅದಕ್ಕೆ ಹುಣಸೆಹುಳಿ ಹಾಕಿ ಅರ್ಧ ದಿನ ತಿಕ್ಕಿದರು, ಅಷ್ಟೆ. ಮಗಳು ಮಾತ್ರ ಒಂದು ತಿಂಗಳು ಮುಖ ಊದಿಸಿಕೊಂಡಿದ್ದಳು.

ಗೀಸರಿನ 883 ಎರಡು ತಿಂಗಳಿಗೆ. ಬೇಕಾದದ್ದು 2,842. ಗ್ಯಾಸಿಗೆ 2023ರ ಆಗಸ್ಟ್ ಕೊನೆಗೆ 200, 2024ರ ಮಾರ್ಚಿನಲ್ಲಿ 100 ಇಳಿದದ್ದು ಸ್ವಲ್ಪ ಆಯಿತು. ಉಳಿದದ್ದಕ್ಕೆ ದೊಡ್ಡ ಉಪಾಯ ಎಂತದೂ ಇಲ್ಲ. ಬೈಕ್ ಬಿಟ್ಟು ಬಸ್ಸಿನಲ್ಲಿ ಕುಂಬಳೆಗೆ ಹೋಗತೊಡಗಿದೆ. ಮಳೆಗಾಲದಲ್ಲಿ ಮತ್ತೆ ಬೈಕ್. ಕೆಲವು ತಿಂಗಳು ಅಂಗಡಿಯಲ್ಲಿ ಮುಂಗಡ ತೆಗೆದದ್ದೂ ಉಂಟು.

2025ರಲ್ಲಿ ಗಾಳಿ ತಿರುಗಿತು. ಫೆಬ್ರವರಿಯಲ್ಲಿ ರೆಪೋ 6.25, ಏಪ್ರಿಲಿನಲ್ಲಿ 6, ಜೂನ್ 6ಕ್ಕೆ ಒಮ್ಮೆಲೇ ಅರ್ಧ ಇಳಿದು 5.50. ಈ ಸಲ ಮೆಸೇಜ್ ಬಂದ ದಿನವೇ ಓದಿದೆ. ಜುಲೈಯಿಂದ ನನ್ನ ದರ 7.90. ಬ್ಯಾಂಕಿನಿಂದ ಫೋನ್ ಮಾಡಿದ ಹುಡುಗಿ ಕನ್ನಡದಲ್ಲೇ ಮಾತಾಡಿದಳು, ಮಂಜೇಶ್ವರದವಳಂತೆ. "ಕಂತು ಕಮ್ಮಿ ಮಾಡಿ ಕೊಡ್ಬೇಕಾ ಸಾರ್?" ಬೇಡಮ್ಮ, ಅದು ಹಾಗೇ ಇರಲಿ, ಎಷ್ಟು ಕಂತು ಉಳಿಯಿತು ಹೇಳು ಅಂದೆ. ಕೀಬೋರ್ಡ್ ಸದ್ದು ಕೇಳಿತು. "125."

ಸಂಜೆ ಮನೆಗೆ ಬಂದು ಕಪಾಟಿನ ಬಾಗಿಲು ತೆರೆದೆ. '9/2036' ಇತ್ತು. ಅದರ ಕೆಳಗೆ ಸಿಟ್ಟಿನಲ್ಲಿ ಬರೆದು ಹೊಡೆದು ಹಾಕಿದ್ದ '6/2042' ಇತ್ತು. ಅದರ ಕೆಳಗೆ '11/2035' ಅಂತ ಬರೆದೆ. ಹೆಂಡತಿ ಹಿಂದಿನಿಂದ ನೋಡಿ, "ಪೆನ್ಸಿಲ್ ಅಲ್ಲೇ ಇಡಿ," ಅಂದಳು.